ವಿಲೀನವಾದ ವಿಮಾನಯಾನ ಸಂಸ್ಥೆಯ ಹಳೆಯ ಹೆಸರನ್ನು ಉಳಿಸಿಕೊಳ್ಳಬೇಕೇ?

ನಿಮ್ಮ ಸಣ್ಣ ಸಂಸ್ಥೆಯು ದೊಡ್ಡದೊಂದರಲ್ಲಿ ವಿಲೀನವಾಗುತ್ತಿದೆ, ಹಳೆಯ ಹೆಸರು, ಬಣ್ಣಗಳನ್ನು ಉಳಿಸಬೇಕೇ ಅಥವಾ ಒಮ್ಮೆಗೇ ಕೈಬಿಡಬೇಕೇ ಎಂದು ಕೇಳಿದ್ದೀರಿ. ಹಲವು ವರ್ಷಗಳ ಹಿಂದೆ ಅಂಥದೇ ಸಂಸ್ಥೆಯೊಂದರಲ್ಲಿ ನಾನು ಚೆಕ್-ಇನ್ ಕೌಂಟರುಗಳ ಮೇಲ್ವಿಚಾರಕನಾಗಿದ್ದೆ. ಅದರ ಹೆಸರು ಇಲ್ಲಿ ಬೇಡ.

ವಿಲೀನದ ಹಿಂದಿನ ಸಂಜೆ ಮೇಲಿನಿಂದ ಒಂದು ಸಾಲಿನ ಸೂಚನೆ ಬಂತು: ನಾಳೆಯಿಂದ ಹಳೆಯ ಹೆಸರು ಎಲ್ಲಿಯೂ ಕಾಣಿಸಬಾರದು. ನಾನು ಆ ರಾತ್ರಿಯೇ ನಾಲ್ಕು ಕೌಂಟರುಗಳ ಫಲಕಗಳನ್ನು ಇಳಿಸಿ, ಪ್ರವೇಶದ್ವಾರದ ಬಳಿಯಿದ್ದ ಬಾಣದ ಗುರುತಿನ ಬೋರ್ಡನ್ನೂ ಕೀಳಿಸಿ, ಎಲ್ಲವನ್ನೂ ಗುಜರಿಗೆ ಹಾಕಿ, ಹೊಸ ಹೆಸರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆ. ಬೆಳಗಿನ ಮೊದಲ ವಿಮಾನಕ್ಕೆ ಬಂದವರ ಕೈಯಲ್ಲಿದ್ದದ್ದು ಹಳೆಯ ಹೆಸರಿನ ಟಿಕೆಟ್. ಪರದೆಯ ಮೇಲೆ ಓಡುತ್ತಿದ್ದದ್ದು, ವಿಮಾನದ ಸಂಖ್ಯೆಯ ಮುಂದೆ ಸಂಸ್ಥೆಯ ಗುರುತಾಗಿ ಬರುವ ಹಳೆಯ ಎರಡಕ್ಷರದ ಕೋಡ್. ಸಂಸ್ಥೆಗಳು ಕಾಗದದ ಮೇಲೆ ಒಂದಾಗಿದ್ದವೇ ಹೊರತು, ಅವುಗಳ ಬುಕಿಂಗ್ ವ್ಯವಸ್ಥೆಗಳು ಇನ್ನೂ ಬೇರೆಬೇರೆಯಾಗಿಯೇ ಇದ್ದವು. ಅವು ಕೂಡಿಕೊಳ್ಳಲು ಇನ್ನೂ ಐದು ತಿಂಗಳಿದೆ ಎಂಬ ಪತ್ರ ನನ್ನ ಮೇಜಿನ ಮೇಲೆಯೇ ಇತ್ತು, ಆದರೆ ಅದು ಕಂಪ್ಯೂಟರ್ ವಿಭಾಗದವರ ವಿಷಯವೆಂದು ನಾನು ಪಕ್ಕಕ್ಕಿಟ್ಟಿದ್ದೆ. ಇಲ್ಲದ ಕೌಂಟರನ್ನು ಹುಡುಕುತ್ತಲೇ ಹನ್ನೊಂದು ಮಂದಿ ವಿಮಾನ ತಪ್ಪಿಸಿಕೊಂಡರು. ಕೊನೆಗೆ ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು, ಅದರ ಮೇಲೆ ಮಾರ್ಕರಿನಿಂದ ಹಳೆಯ ಹೆಸರನ್ನು ಬರೆದು, ಹೊಸ ಫಲಕದ ಮೇಲೆಯೇ ಅಂಟಿಸಿದೆವು.

ಸೂಚನೆಯನ್ನು ಪಾಲಿಸಿದ್ದು ನನ್ನ ತಪ್ಪಾಗಿರಲಿಲ್ಲ. ಫಲಕವನ್ನು ಜಾಹೀರಾತೆಂದು ತಿಳಿದದ್ದು ತಪ್ಪು. ಎರಡು ತಿಂಗಳ ಹಿಂದೆಯೇ ಟಿಕೆಟ್ ಕೊಂಡು, ಅದರ ಮೇಲಿನ ಹೆಸರನ್ನಷ್ಟೇ ನಂಬಿ ಬರುವವನಿಗೆ ಅದು ದಾರಿ ತೋರುವ ಕಲ್ಲು. ಷೇರುದಾರರ ಪಾಲಿಗೆ ವಿಲೀನದ ದಿನ ಒಂದು, ಪ್ರಯಾಣಿಕನ ಪಾಲಿಗೆ ಇನ್ನೊಂದು. ನಾನು ಮೊದಲನೆಯದಕ್ಕೆ ಫಲಕ ಇಳಿಸಿದೆ. ಇದನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣ, ಆ ಹನ್ನೊಂದು ಮಂದಿಗೆ ಮುಂದಿನ ವಿಮಾನದಲ್ಲಿ ಜಾಗ ಹುಡುಕುತ್ತ ಕಳೆದ ಆ ಬೆಳಗು ನನಗೆ ಇನ್ನೂ ಮರೆತಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೆಸರಿನ ತೀರ್ಮಾನ ನಿಮ್ಮ ಕೈಯಲ್ಲಿಲ್ಲ, ಸಂಸ್ಥೆಯನ್ನು ಕೊಂಡವರಿಗೆ ಬೇಕಾದದ್ದೂ ಹಲವು ಸಲ ಹೆಸರಲ್ಲ. ಬೆಂಗಳೂರಿನ ಏರ್ ಡೆಕ್ಕನ್ ಅನ್ನೇ ನೋಡಿ. ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು ಲಾಂಛನವಾಗಿಸಿಕೊಂಡಿದ್ದ ಆ ಸಂಸ್ಥೆ 2008ರಲ್ಲಿ ಕಿಂಗ್‌ಫಿಶರ್ ರೆಡ್ ಆಗಿ, ಡೆಕ್ಕನ್ ಎಂಬ ಹೆಸರು ಅಳಿಸಿಹೋಯಿತು. ಆದರೆ ಕಾನೂನಿನ ಪ್ರಕಾರ, ಅದನ್ನು ಕೊಂಡ ಕಿಂಗ್‌ಫಿಶರ್ ಸೇರಿಕೊಂಡದ್ದು ಏರ್ ಡೆಕ್ಕನ್ ನಡೆಸುತ್ತಿದ್ದ ಕಂಪನಿಯಾದ ಡೆಕ್ಕನ್ ಏವಿಯೇಷನ್‌ಗೆ, ಆ ಕಂಪನಿಯ ಹೆಸರು ಬದಲಾದದ್ದು ಆಮೇಲೆ. ವಿದೇಶಕ್ಕೆ ಹಾರಲು ದೇಶದೊಳಗೆ ಐದು ವರ್ಷ ಹಾರಿರಬೇಕೆಂಬ ನಿಯಮ ಆಗ ಇತ್ತು. ಏರ್ ಡೆಕ್ಕನ್ 2003ರಲ್ಲಿ ಹುಟ್ಟಿದ್ದರೆ ಕಿಂಗ್‌ಫಿಶರ್ 2005ರಲ್ಲಿ ಹುಟ್ಟಿತ್ತು. ಶ್ರೀಸಾಮಾನ್ಯನನ್ನು ಇಳಿಸಿದವರು ಅವನ ವಯಸ್ಸನ್ನು ಮಾತ್ರ ಜೋಪಾನವಾಗಿಟ್ಟುಕೊಂಡು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಿದರು.

ಲಾಂಛನಗಳ ರಾಜಿಯಲ್ಲಿಯೂ ನನಗೆ ಹೆಚ್ಚು ನಂಬಿಕೆಯಿಲ್ಲ. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಏರ್ ಇಂಡಿಯಾದೊಂದಿಗೆ ಸೇರಿದಾಗ, ಅದರ ಕೊನಾರ್ಕ್ ಚಕ್ರವನ್ನು ಹೊಸ ಹಂಸದೊಳಗೆ ಕೂರಿಸಿದರು. 2010ರಲ್ಲಿ ಅಮೆರಿಕದ ಯುನೈಟೆಡ್ ಮತ್ತು ಕಾಂಟಿನೆಂಟಲ್ ವಿಮಾನಯಾನ ಸಂಸ್ಥೆಗಳು ಸೇರಿದಾಗ, ಯುನೈಟೆಡ್ ತನ್ನ ಹೆಸರನ್ನು ಉಳಿಸಿಕೊಂಡು, ವಿಮಾನದ ಬಾಲಕ್ಕೆ ಕಾಂಟಿನೆಂಟಲ್‌ನ ಗೋಳವನ್ನು ಹಚ್ಚಿಕೊಂಡಿತು. ಮದುವೆಯ ಆಮಂತ್ರಣದಲ್ಲಿ ಎರಡೂ ಮನೆಯ ಹಿರಿಯರ ಹೆಸರು ಹಾಕಿಸಿದಂತೆ ಇದು ಒಳಗಿನವರ ಸಮಾಧಾನಕ್ಕೆ. ಚಕ್ರ ಹಂಸದೊಳಗೆ ಸೇರಿದ ಮೇಲೂ ಇಂಡಿಯನ್ ಏರ್‌ಲೈನ್ಸಿನ ಐಸಿ ಎಂಬ ಕೋಡ್ 2011ರವರೆಗೆ ನಡೆಯಿತು, ಮತ್ತು ಪ್ರಯಾಣಿಕನಿಗೆ ಬೇಕಾಗಿದ್ದದ್ದು ಆ ಎರಡಕ್ಷರವೇ.

ನಾನು ಮೆಚ್ಚುವ ಕೆಲಸ ವಿಸ್ತಾರ ಎಂಬ ವಿಮಾನಯಾನ ಸಂಸ್ಥೆಯದ್ದು. 2024ರ ನವೆಂಬರ್ 12ರಂದು ಅದು ಏರ್ ಇಂಡಿಯಾದಲ್ಲಿ ಸೇರಿದಾಗ, ಅದರ ಪ್ರತಿ ವಿಮಾನದ ಗುರುತಿನ ಸಂಖ್ಯೆಯ ಮುಂದೆ 2 ಎಂಬ ಅಂಕಿ ಸೇರಿಸಿದರು. ವಿಸ್ತಾರದ ಕೋಡ್ ಹೊತ್ತ ಯುಕೆ 955 ಎಂಬುದು ಏರ್ ಇಂಡಿಯಾದ ಎಐ 2955 ಆಯಿತು. ಹೆಸರು ಹೋಯಿತು, ಆದರೆ ತನ್ನ ಹಳೆಯ ವಿಮಾನ ಯಾವುದೆಂದು ಗುರುತಿಸಲು ಪ್ರಯಾಣಿಕನಿಗೆ ಒಂದು ಅಂಕಿ ಸಿಕ್ಕಿತು.

ಹಾಗಾಗಿ ಬಣ್ಣದ ಸಭೆಗಳಿಗೆ ಬೇರೆಯವರು ಹೋಗಲಿ. ನೀವು ಬುಕಿಂಗ್ ವಿಭಾಗಕ್ಕೆ ಹೋಗಿ, ಹಳೆಯ ಕೋಡ್ ಹೊತ್ತ ಕೊನೆಯ ವಿಮಾನ ಯಾವ ದಿನಾಂಕದ್ದೆಂದು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಅಲ್ಲಿಯವರೆಗೆ ಎರಡೂ ಹೆಸರು ಅಕ್ಕಪಕ್ಕ ಇರಲಿ, ಮೇಲಿನವರು ಮುನಿದರೂ ಸರಿ. ಹಳೆಯ ಫಲಕಗಳನ್ನು ಇಳಿಸಿದ ಮೇಲೂ ಆರು ತಿಂಗಳು ಗೋದಾಮಿನಲ್ಲಿಡಿ. ಗುಜರಿಯಿಂದ ಬರುವ ಹಣ ಆ ರಟ್ಟಿನ ಪೆಟ್ಟಿಗೆಯ ಬೆಲೆಗೂ ಸಾಲದು.