ಮಳೆ ಬಿಡೋದ್ರೊಳಗೆ ಒಂದು ಕಥೆ: ಓದುಗರು ಕೇಳಿದ್ದು, ನಾನು ಹೇಳಿದ್ದು

ಹೋದ ತಿಂಗಳು ಇದೇ ಪುಟದಲ್ಲಿ ಸಣ್ಣಕಥೆ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಒಂದು ಸಾಲು ಹಾಕಿದ್ದೆ ಅಷ್ಟೇ. ನಾಲ್ಕೈದು ಪತ್ರ ಬಂದ್ರೆ ಜಾಸ್ತಿ ಅಂದ್ಕೊಂಡಿದ್ದೆ. ಆದ್ರೆ ಈ ಮಳೆಗೆ ಕರೆಂಟಿಲ್ಲ ನೆಟ್‌ವರ್ಕಿಲ್ಲ ಅಂತ ಎಲ್ಲರೂ ಪೆನ್ನು ಹಿಡ್ಕೊಂಡು ಕೂತಿದ್ರೋ ಏನೋ, ಟಪಾಲು ಒದ್ದೆ ಆಗ್ಕೊಂಡೇ ಬಂದು ಬಿತ್ತು. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ, ಬೇಜಾರು ಮಾಡ್ಕೋಬೇಡಿ.

ಅಕ್ಕ, ಈ ರೀಲ್ಸ್ ಕಾಲದಲ್ಲಿ ಸಣ್ಣಕಥೆ ಓದೋರು ಯಾರಿದ್ದಾರೆ? ಸುಮ್ನೆ ಬರೆಯೋರೇ ಒಬ್ಬರದ್ದೊಬ್ಬರು ಓದ್ಕೋತಾರೆ ಅನ್ಸಲ್ವಾ?
(ಸಿದ್ದಾಪುರದಿಂದ ಒಬ್ಬ ಡಿಗ್ರಿ ಹುಡುಗ)

ಬರೆಯೋರೇ ಓದ್ತಾರೆ ಅನ್ನೋದು ಅರ್ಧ ನಿಜ ಮಾರಾಯ, ಒಪ್ಕೋತೀನಿ. ಆದ್ರೆ ಈ ಮಾತು ನಾನು ಹುಡುಗಿ ಆಗಿದ್ದಾಗಿಂದ ಕೇಳ್ತಾ ಇದ್ದೀನಿ, ಆಗ ರೇಡಿಯೋ ಮೇಲೆ ಹಾಕ್ತಿದ್ರು, ಆಮೇಲೆ ಟಿವಿ ಸೀರಿಯಲ್ ಮೇಲೆ, ಈಗ ರೀಲ್ಸ್ ಮೇಲೆ. ಮಾಸ್ತಿಯವರ ಮೊದಲ ಕಥಾಸಂಕಲನ ಬಂದಿದ್ದು 1920ರಲ್ಲಿ. ನೂರು ವರ್ಷ ದಾಟಿದ ಮೇಲೂ ಸತ್ತುಹೋಗದೆ ಇರೋದನ್ನ ನಿನ್ನ ಫೋನು ಸಾಯಿಸ್ತದೆ ಅಂತ ನಂಗೆ ಅನ್ಸಲ್ಲ. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ ಕನ್ನಡಕ್ಕೆ, ಅದು ಬಂದಿದ್ದು ಕಾದಂಬರಿಗಲ್ಲ, ಬಾನು ಮುಷ್ತಾಕ್ ಅವರ ಹನ್ನೆರಡು ಸಣ್ಣಕಥೆಗಳ ಪುಸ್ತಕಕ್ಕೆ. ಆ ಬಹುಮಾನ ಕಥಾಸಂಕಲನಕ್ಕೆ ಹೋಗಿದ್ದೇ ಅದು ಮೊದಲ ಸಲ. ಅದನ್ನ ಇಂಗ್ಲಿಷಿಗೆ ಮಾಡಿದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು, ಅದನ್ನ ಬೇರೆ ನೆನಪಿಸಬೇಕಾ.

ಸರಿ, ಬಹುಮಾನದ ವಿಷಯ ಬಿಡು. ಮಡಿಕೇರಿ ಸ್ಟ್ಯಾಂಡಲ್ಲಿ ವಿರಾಜಪೇಟೆ ಬಸ್ಸು ಹತ್ತಿ ಒಂದು ಕಥೆ ಶುರು ಮಾಡಿ ನೋಡು. ಇಳಿಯೋದ್ರೊಳಗೆ ಮುಗಿದಿರ್ತದೆ, ಆದ್ರೆ ಇಳಿದ ಮೇಲೂ ಆ ಕಥೆಯ ಹೆಂಗಸು ಯಾಕೆ ವಾಪಸ್ ಹೋದ್ಳು, ಅವನು ಯಾಕೆ ಬಾಯಿ ಬಿಡ್ಲಿಲ್ಲ ಅಂತ ತಲೆಯಲ್ಲಿ ಓಡ್ತಾ ಇರ್ತದೆ. ಅದೇ ದಾರೀಲಿ ಅರವತ್ತು ರೀಲ್ಸ್ ನೋಡ್ಬಹುದು. ಇಳಿದ ಮೇಲೆ ಅದರಲ್ಲಿ ಒಂದು ಹೇಳು ನೋಡೋಣ.

ಮೇಡಂ, ನಾನು ಎಸ್ಟೇಟಿನ ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಕಥೆ ಬರೀತೀನಿ. ಮನೇಲಿ ಯಾರಿಗೂ ಗೊತ್ತಿಲ್ಲ. ಕೊಯ್ಲು ಶುರು ಆದ್ರೆ ಮೂರು ತಿಂಗಳು ಒಂದಕ್ಷರ ಬರೆಯಕ್ಕಾಗಲ್ಲ. ಹೀಗೆ ಬಿಟ್ಟು ಬಿಟ್ಟು ಬರೆದ್ರೆ ಅದು ಕಥೆ ಅನ್ನಿಸ್ಕೊಳ್ತದಾ?
(ಹೆಸರು ಬೇಡ ಅಂದಿದ್ದಾರೆ, ಸುಂಟಿಕೊಪ್ಪ ಹತ್ತಿರ)

ಸುಂಟಿಕೊಪ್ಪದಿಂದ ಈ ಪ್ರಶ್ನೆ ಬಂದಿದ್ದು ನೋಡಿ ನಾನು ಒಂದ್ಸಲ ಚಾ ಲೋಟ ಕೆಳಗಿಟ್ಟೆ. ಯಾಕಂದ್ರೆ ನಿಮ್ಮದೇ ಆ ಕಡೆಯ ಕಾಫಿ ತೋಟದ ಮನೇಲಿ ಕೂತು ಕೊಡಗಿನ ಗೌರಮ್ಮ ಬರೆದಿದ್ದು. 1912ರಲ್ಲಿ ಮಡಿಕೇರೀಲಿ ಹುಟ್ಟಿದ್ರು, 1939ರಲ್ಲಿ ನೀರಲ್ಲಿ ಮುಳುಗಿ ತೀರಿಹೋದ್ರು. ಇಪ್ಪತ್ತೇಳೇ ವರ್ಷ. ಗಂಡ ಎಸ್ಟೇಟ್ ಮ್ಯಾನೇಜರ್, ಮನೆ ಉಂಟು, ಮಗು ಉಂಟು, ಅದರ ಮಧ್ಯೆ ಟೆನಿಸ್ ಆಡ್ತಿದ್ರು, ಈಜ್ತಿದ್ರು, ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ಹಟ ಹಿಡಿದು ಮನೆಗೆ ಕರೆಸಿ ಮೈಮೇಲಿನ ಒಡವೆ ಹರಿಜನ ನಿಧಿಗೆ ಬಿಚ್ಚಿಕೊಟ್ರು. ಇಷ್ಟೆಲ್ಲದರ ಸಂದೀಲಿ ಕಥೆ. ವಿಧವೆಯರು, ಬಿಟ್ಟುಬಂದ ಹೆಣ್ಣುಮಕ್ಕಳು, ಮದುವೆ ಮುರಿದವರು, ಆವತ್ತು ಯಾರೂ ಬಾಯಿಬಿಟ್ಟು ಮಾತಾಡದ ವಿಷಯ. ಪತ್ರಿಕೆಗಳಿಗೆ ಕಳಿಸುವಾಗ ಗಂಡನ ಹೆಸರಿನ ಮುಂದೆ ಮಿಸೆಸ್ ಹಾಕಿ ಸಹಿ ಮಾಡ್ತಿದ್ರು. ‘ಕಂಬನಿ’ ಮತ್ತೆ ‘ಚಿಗುರು’ ಅಂತ ಎರಡು ಪುಸ್ತಕ, ಎರಡೂ ಅವರು ಹೋದ ಮೇಲೆ ಬಂದಿದ್ದು. ಇವತ್ತಿಗೂ ಓದ್ತಾ ಇದ್ದಾರೆ, ಮೇಲೆ ಹೇಳಿದ ದೀಪಾ ಅವರೇ ಗೌರಮ್ಮನ ಕಥೆಗಳನ್ನೂ ಇಂಗ್ಲಿಷಿಗೆ ಮಾಡಿದ್ದಾರೆ.

ಕಾದಂಬರಿ ಬರೆಯೋಕೆ ಒಂದು ಕೋಣೆ, ಒಂದು ವರ್ಷ, ಅಡುಗೆ ಮಾಡಿ ಹಾಕೋಕೆ ಇನ್ನೊಬ್ರು ಬೇಕು. ಸಣ್ಣಕಥೆ ಹಾಗಲ್ಲ, ಕದ್ದ ಸಮಯಕ್ಕೆ ಹೊಂದ್ಕೊಂಡು ಕೂರ್ತದೆ. ಮೂರು ತಿಂಗಳು ಬರೀದೆ ಇದ್ರೂ ಕಣದಲ್ಲಿ ಕಾಫಿ ಕೆದಕುವಾಗ ಒಂದು ವಾಕ್ಯ ತಲೇಲಿ ಒಣಗ್ತಾ ಇರ್ತದಲ್ಲ, ಅದೂ ಬರವಣಿಗೆಯೇ. ಒಂದೇ ಒಂದು ಮಾತು. ಹಾಜರಿ ಪುಸ್ತಕ ವರ್ಷದ ಕೊನೆಗೆ ಆಫೀಸಿಗೆ ಹೋಗ್ತದೆ ಅಂತ ಕಾಣ್ತದೆ, ದಯವಿಟ್ಟು ಬೇರೆ ನೋಟ್‌ಬುಕ್ ತಗೊಳ್ಳಿ.

2018ರ ಆಗಸ್ಟಲ್ಲಿ ನಮ್ಮ ಮನೆ, ಒಂದೂವರೆ ಎಕರೆ ತೋಟ ಗುಡ್ಡದ ಜೊತೆ ಜಾರಿ ಹೋಯ್ತು. ಅದನ್ನ ಕಥೆ ಮಾಡ್ಬೇಕು ಅಂತ ನಾಲ್ಕು ಸಲ ಕೂತೆ, ನಾಲ್ಕು ಸಲಾನೂ ಪೇಪರ್ ನ್ಯೂಸ್ ಥರ ಆಗಿ ಹರಿದುಹಾಕಿದೆ. ನಂಗೆ ಬರೆಯಕ್ಕೆ ಬರಲ್ವಾ ಅಕ್ಕ?
(ಮಕ್ಕಂದೂರು ಕಡೆಯವರು)

ಬರ್ತದಣ್ಣ. ನೀವು ಬರೆದ ನಾಲ್ಕು ಪುಟದ ಪತ್ರದಲ್ಲೇ ಕಥೆ ಉಂಟು, ಆದ್ರೆ ನೀವು ಅದನ್ನ ಬ್ರ್ಯಾಕೆಟ್ ಒಳಗೆ ಹಾಕ್ಬಿಟ್ಟಿದ್ದೀರಿ. ಮೂರನೇ ಪುಟದಲ್ಲಿ ಎಷ್ಟು ಇಂಚು ಮಳೆ, ಯಾವ ಗುಡ್ಡ, ಎಷ್ಟು ಗಂಟೆಗೆ ಶಬ್ದ ಕೇಳ್ತು ಅಂತೆಲ್ಲ ಬರೆದು ಕೊನೆಗೆ ‘ಪರಿಹಾರ ಕೇಂದ್ರದಲ್ಲಿ ಅಮ್ಮ ಮನೆ ಬೀಗದ ಕೈ ಸೆರಗಿನ ತುದೀಲಿ ಕಟ್ಕೊಂಡೇ ಇದ್ರು, ಬಿಚ್ಚಲೇ ಇಲ್ಲ’ ಅಂತ ಒಂದು ಸಾಲು. ಮನೇನೇ ಇಲ್ಲ, ಬೀಗದ ಕೈ ಉಂಟು. ಇದನ್ನ ಓದಿ ನಾನು ಸ್ವಲ್ಪ ಹೊತ್ತು ಮುಂದಿನ ಸಾಲಿಗೆ ಹೋಗ್ಲಿಲ್ಲ.

ಪೇಪರಿನವರು ಇಡೀ ಗುಡ್ಡ ಬರೀಬೇಕು, ಅದು ಅವರ ಕೆಲಸ, ಅವರು ಬರೆದಾಯ್ತು. ನೀವು ಬೀಗದ ಕೈಯಿಂದ ಶುರು ಮಾಡಿ. ಪಕ್ಕದ ಚಾಪೆಯವರು ಏನು ಕೇಳಿದ್ರು, ಸ್ನಾನಕ್ಕೆ ಸಾಲಲ್ಲಿ ನಿಂತಾಗ ಅಮ್ಮ ಅದನ್ನ ಎಲ್ಲಿ ಇಟ್ಟಿದ್ರು, ಯಾರೋ ದಾನ ಕೊಟ್ಟ ಸೀರೆ ಉಡುವಾಗ ಹಳೇ ಸೆರಗಿಂದ ಹೊಸ ಸೆರಗಿಗೆ ಅದು ಬಂತಾ, ಇಷ್ಟು ಸಾಕು. ಗುಡ್ಡ ಜಾರಿದ್ದನ್ನ ವರ್ಣನೆ ಮಾಡಲೇಬೇಡಿ, ಓದೋರಿಗೆ ಅದು ತಾನಾಗಿ ಕಾಣ್ತದೆ, ನೀವು ತೋರಿಸಿದ್ದಕ್ಕಿಂತ ದೊಡ್ಡದಾಗಿ ಕಾಣ್ತದೆ. ಮತ್ತೆ ಮುಖ್ಯವಾಗಿ, ಆ ಬೀಗದ ಕೈ ಅಂದ್ರೆ ಬದುಕು, ಆಸೆ, ಅಂತೆಲ್ಲ ವಿವರಣೆ ಕೊಡಬೇಡಿ. ಕೈ ಅಂದ್ರೆ ಕೈ. ನಮ್ಮ ಕಥೆಗಾರರಿಗೆ ಈ ಚಟ ಜಾಸ್ತಿ, ನಂಗೂ ಇತ್ತು.

ನನ್ನದೂ ಒಂದು ಹೇಳ್ತೀನಿ, ನಗಬೇಡಿ. ಆ ಮಳೆ ಬಗ್ಗೆ ನಾನೂ ಒಂದು ಬರೆದೆ. ಗುಡ್ಡ, ಹೊಳೆ, ಹೆಲಿಕಾಪ್ಟರ್, ಮಂತ್ರಿಗಳು, ಕೊಚ್ಚಿಹೋದ ಹಸು, ಒಂದು ಪ್ರೇಮ ಬೇರೆ! ಒಂದು ಪತ್ರಿಕೆಗೆ ಕಳಿಸಿದ್ರೆ ‘ಸುದ್ದಿ ವಿಭಾಗಕ್ಕೆ ಕಳಿಸಬಹುದಿತ್ತು’ ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದ್ರು. ಒಂದು ವಾರ ಉರ್ಕೊಂಡೆ. ಆಮೇಲೆ ತೆಗೆದು ಓದಿದ್ರೆ ಪುಣ್ಯಾತ್ಮ ಹೇಳಿದ್ದು ಸರೀನೇ ಇತ್ತು.

ಇಷ್ಟು ವರ್ಷ ಆದ ಮೇಲೆ ಬರೆದ್ರೆ ತಡ ಆಯ್ತಾ ಅಂತಾನೂ ಕೇಳಿದ್ದೀರಿ. ಇಲ್ಲ. ಅಮ್ಮ ಇನ್ನೂ ಇದ್ದಾರಾ ಅಂತ ನೀವು ಬರೆದಿಲ್ಲ. ಇದ್ರೆ ಆ ಬೀಗದ ಕೈ ಈಗ ಎಲ್ಲುಂಟು ಅಂತ ಕೇಳಿ ನೋಡಿ.

ನಮ್ಮ ಕಥೆಯ ಪಾತ್ರಗಳು ಮನೇಲಿ ಕೊಡವ ತಕ್ಕ್ ಮಾತಾಡ್ತವೆ, ಪಕ್ಕದ ಮನೆಯವರು ಅರೆಭಾಷೆ, ತೋಟದ ಕೆಲಸದವರ ಲೈನ್ ಮನೇಲಿ ತುಳು, ಮಲಯಾಳ, ಯರವ ಎಲ್ಲ ಉಂಟು. ಕನ್ನಡ ಕಥೇಲಿ ಇದನ್ನೆಲ್ಲ ಹೆಂಗೆ ತರೋದು? ಬ್ರ್ಯಾಕೆಟಲ್ಲಿ ಅರ್ಥ ಕೊಡ್ಬೇಕಾ?
(ಗೋಣಿಕೊಪ್ಪ)

ಬ್ರ್ಯಾಕೆಟ್ ಬೇಡವೇ ಬೇಡ. ಅತ್ತೆ ಸೊಸೆಗೆ ಬೈತಾ ಇರುವಾಗ ಮಧ್ಯೆ ಯಾರೋ ಬಂದು ಅರ್ಥ ಹೇಳಿದಂಗೆ ಇರ್ತದೆ ಅದು. ಎರಡು ಮೂರು ಮಾತು ಆಯಾ ಭಾಷೇಲೇ ಇರ್ಲಿ, ಉಳಿದಿದ್ದು ನಮ್ಮ ಕೊಡಗಿನ ಕನ್ನಡದಲ್ಲಿ. ಕಡಂಬುಟ್ಟು ಅಂದ್ರೆ ಏನು ಅಂತ ಬೆಂಗಳೂರಿನವರಿಗೆ ಗೊತ್ತಿಲ್ಲದೆ ಇದ್ರೆ ತೊಂದರೆ ಇಲ್ಲ, ತಟ್ಟೇಲಿ ಪಂದಿ ಕರಿ ಪಕ್ಕ ಇಟ್ಟುಬಿಡಿ, ತಿನ್ನೋದು ಅಂತ ಅರ್ಥ ಆಗ್ತದೆ. ಆ ಬೂಕರ್ ಪುಸ್ತಕದ ಅನುವಾದದಲ್ಲೇ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನ ಅಡಿಟಿಪ್ಪಣಿ ಇಲ್ಲದೆ, ಓರೆ ಅಕ್ಷರ ಇಲ್ಲದೆ ಹಾಗೇ ಬಿಟ್ಟಿದ್ದಾರೆ. ಇಂಗ್ಲಿಷಿನವರು ತಡ್ಕೊಂಡ್ರು ಅಂದ್ಮೇಲೆ ಕನ್ನಡದವರಿಗೇನು ಕಷ್ಟ. ಒಂದೇ ಎಚ್ಚರಿಕೆ, ಯರವರ ಮಾತು ನಿಮಗೆ ಸರಿಯಾಗಿ ಬರಲ್ಲ ಅಂದ್ರೆ ಕೇಳಿ ಕಲ್ತು ಬರೀರಿ, ತಮಾಷೆಗೆ ಮಾತ್ರ ಬಳಸ್ಕೋಬೇಡಿ. ಅದನ್ನ ನೋಡಿ ನೋಡಿ ಸಾಕಾಗಿದೆ.

ಈಗಿನ ಕಥೆಗಳಿಗೆ ಕೊನೆಯೇ ಇರುವುದಿಲ್ಲ. ಪುಟ ತಿರುಗಿಸಿದರೆ ಜಾಹೀರಾತು. ಇದು ಓದುಗನಿಗೆ ಮಾಡುವ ಮೋಸವಲ್ಲವೇ?
(ನಿವೃತ್ತರು, ಕುಶಾಲನಗರ)

ಸಾರ್, ಅರ್ಧಕ್ಕರ್ಧ ಮೋಸಾನೇ. ಏನು ಮಾಡ್ಬೇಕು ಅಂತ ಬರೆಯೋನಿಗೇ ಗೊತ್ತಾಗದೆ ‘ಅವನು ಕಿಟಕಿಯಾಚೆ ನೋಡುತ್ತ ನಿಂತ’ ಅಂತ ಮುಗಿಸ್ತಾರಲ್ಲ, ಅದು ಸೋಮಾರಿತನ. ಆದ್ರೆ ಇನ್ನೊಂದು ಥರ ಉಂಟು. ಅಲ್ಲಿ ಬೇಕಾದ ಸಾಮಾನೆಲ್ಲ ಮೊದಲೇ ಇಟ್ಟಿರ್ತಾರೆ, ಕೂಡಿಸೋ ಕೆಲಸ ಮಾತ್ರ ನಿಮಗೆ ಬಿಟ್ಟಿರ್ತಾರೆ. ಯಾವುದು ಯಾವುದು ಅಂತ ತಿಳೀಬೇಕಂದ್ರೆ ಮತ್ತೊಂದ್ಸಲ ಓದ್ಬೇಕು. ಸಣ್ಣಕಥೆಯ ಸುಖಾನೇ ಅದು ಸಾರ್, ಎರಡನೇ ಸಲ ಓದೋಕೆ ಅರ್ಧ ಗಂಟೆ ಸಾಕು. ಜಾಹೀರಾತಿಗೆ ನಾನು ಹೊಣೆ ಅಲ್ಲ, ನನ್ನ ಸಂಭಾವನೆ ಅದರಿಂದಲೇ ಬರೋದು.

ಎಐ ಹತ್ರ ಬರೆಸಿ ಕಥಾಸ್ಪರ್ಧೆಗೆ ಕಳಿಸ್ಬಹುದಾ?
(ವಾಟ್ಸಾಪಲ್ಲಿ, ಊರಿನ ಹೆಸರಿಲ್ಲ)

ಬೇಡ. ಬಹುಮಾನ ಬಂದ್ರೆ ಸ್ಟೇಜಿಗೆ ಯಾರು ಹೋಗೋದು?

ಆಂಟಿ, ನಾನು ಎಂಟನೇ ಕ್ಲಾಸ್. ನಮ್ಮ ಅಜ್ಜಿ ಚಿಕ್ಕವರಿದ್ದಾಗ ಅವರ ಅಡುಗೆಮನೆ ಹಿಂದೆ ಆನೆ ಬಂದಿದ್ದ ಕಥೆ ಹೇಳ್ತಾರೆ. ಅದನ್ನ ಬರೆದ್ರೆ ಅದು ನನ್ನ ಕಥೆನಾ, ಅಜ್ಜಿ ಕಥೆನಾ?
(ನಾಪೋಕ್ಲು)

ಇಬ್ಬರದ್ದೂ ಪುಟ್ಟ, ಜಗಳ ಆಡ್ಬೇಡಿ. ಬರೆದು ಮೊದಲು ಅಜ್ಜಿಗೇ ಓದಿ ಹೇಳು. ಅವರು ‘ಹಂಗಲ್ಲ ಕಣೇ’ ಅಂತ ಎಲ್ಲೆಲ್ಲಿ ತಡೀತಾರೋ ಅಲ್ಲೆಲ್ಲ ಪೆನ್ಸಿಲಲ್ಲಿ ಗುರುತು ಹಾಕು. ಎಲ್ಲಾನೂ ಅವರು ಹೇಳಿದಂಗೆ ತಿದ್ದಬೇಕು ಅಂತೇನಿಲ್ಲ, ನಿನಗೆ ಇಷ್ಟ ಆದ ಸುಳ್ಳು ಒಂದೆರಡು ಇಟ್ಕೋ. ಆಮೇಲೆ ನಂಗೆ ಕಳಿಸು. ಆನೆ ಬಂದಾಗ ಒಲೆ ಮೇಲೆ ಏನಿತ್ತು ಅಂತ ಮಾತ್ರ ಮರೀದೆ ಕೇಳಿ ಬರಿ.