ಜೊತೆಗಾರ ಬೇಕೇ, ಒಂಟಿಯಾಗಿ ಇಳಿಯಬಹುದೇ?

ಪ್ರಶ್ನೆ: 60 ಮೀಟರ್ ಆಳದ, ಏರುವಾಗ ನಡುನಡುವೆ ನಿಲ್ಲಬೇಕಾದ ಟೆಕ್ನಿಕಲ್ ಡೈವ್‌ಗೆ ಎಲ್ಲ ಸಲಕರಣೆಯನ್ನೂ ಎರಡೆರಡು ಒಯ್ದರೂ ಜೊತೆಗಾರ ಬೇಕೇ?

ಉತ್ತರ: ಖಂಡಿತ ಬೇಕು. ಸಿಲಿಂಡರಿನಿಂದ ಬಾಯಿಗೆ ಗ್ಯಾಸ್ ಕೊಡುವ ರೆಗ್ಯುಲೇಟರ್ ಕೆಟ್ಟರೆ ಇನ್ನೊಂದಿದೆ. ಪ್ರಜ್ಞೆ ತಪ್ಪಿದರೆ ಇನ್ನೊಂದಿಲ್ಲ. 50 ಶೇಕಡಾ ಆಮ್ಲಜನಕದ ಡೆಕೊ ಸಿಲಿಂಡರನ್ನು (ಏರುವಾಗ ನಿಂತು ಉಸಿರಾಡುವಂಥದ್ದು) 21 ಮೀಟರ್ ಬದಲು 60ರಲ್ಲೇ ಬಾಯಿಗಿಟ್ಟರೆ ಆಮ್ಲಜನಕದ ಆಂಶಿಕ ಒತ್ತಡ (ಒಟ್ಟು ಒತ್ತಡದಲ್ಲಿ ಅದರ ಪಾಲು) 3.5 ಬಾರ್, ಸೆಳೆತ ಬಂದು ರೆಗ್ಯುಲೇಟರ್ ಜಾರೀತು. ಸಿಲಿಂಡರಿನ ಮೇಲೆ ಬರೆದ ‘21’ ಅನ್ನು ಜೊತೆಗಾರ ಓದಿ, ಹೋಸನ್ನು ಬೆರಳಲ್ಲಿ ಸವರುತ್ತಾ ನಿಮ್ಮ ಬಾಯಿಯವರೆಗೆ ಬಂದು, ಸರಿ ಎನ್ನುವ ತನಕ ಉಸಿರೆಳೆಯಬೇಡಿ.

ಗ್ಯಾಸ್ ಲೆಕ್ಕ: 60 ಮೀಟರಿನಲ್ಲಿ ಒತ್ತಡ 7 ಬಾರ್. ಗಾಬರಿಯಲ್ಲಿ ಉಸಿರಿಗೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 30 ಲೀಟರ್, ಕೆಳಗೆ 210. ತೊಡಕು ಬಿಡಿಸಲು 2 ನಿಮಿಷ, 21 ಮೀಟರಿಗೆ ಏರಲು 4: ಒಬ್ಬರಿಗೆ ಸುಮಾರು 1,020 ಲೀಟರ್, ಜೊತೆಗಾರನ ಗ್ಯಾಸ್ ಮುಗಿದು ಹಂಚಿಕೊಂಡರೆ ಇಬ್ಬರಿಗೆ 2,040. ಜೋಡಿ 12 ಲೀಟರ್ ಸಿಲಿಂಡರಿನಲ್ಲಿ ಅದು 85 ಬಾರ್. ಒತ್ತಡ ಮಾಪಕದ ಮುಳ್ಳು ಅಲ್ಲಿಗಿಳಿಯುವ ಮುನ್ನವೇ ಏರಲು ತೊಡಗಿ.

ಹತ್ತು ಮೀಟರ್ ಆಚೆ ಈಜುವವರು ಜೊತೆಗಾರರೇ ಅಲ್ಲ. ಗ್ಯಾಸ್ ಹಂಚಿಕೊಳ್ಳುವ 2.1 ಮೀಟರಿನ ಉದ್ದ ಹೋಸ್ ಎಟುಕುವಷ್ಟು ಹತ್ತಿರವಿರಲಿ.