ಹಾಲಿನ ಚಿಂತೆ ಬಿಡಿ, ಮೊದಲು ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ

ನಾಯಿ ಕಚ್ಚಿದ್ದ ಹಸು ಈಗ ಜೊಲ್ಲು ಸುರಿಸುತ್ತಿದೆ, ಅದರ ಹಾಲು ಕುಡಿದಿದ್ದೇವೆ, ಏನಾಗುತ್ತೆ ಅಂತ ಕೇಳಿದ್ದೀರಿ. ಚೆನ್ನಾಗಿ ಕಾಯಿಸಿದ ಹಾಲಾದರೆ ಹೆದರಬೇಡಿ. ಆ ಬಿಸಿಗೆ ರೇಬೀಸ್ ವೈರಸ್ ಉಳಿಯುವುದಿಲ್ಲ. ಇನ್ನು ಮುಂದೆ ಮಾತ್ರ ಅದರ ಹಾಲು ಬೇಡ.

ನನಗೆ ಜಾಸ್ತಿ ಭಯವಾಗಿದ್ದು ನೀವು ಕೊನೆಗೆ ಬರೆದ ಸಾಲು ಓದಿ. ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಅಪ್ಪ ಅದರ ಬಾಯಿಗೆ ಕೈ ಹಾಕಿದರು ಅಂದಿರಲ್ಲ, ಅಪಾಯ ಇರುವುದು ಅಲ್ಲೇ. ರೇಬೀಸ್ ಬಂದ ದನಕ್ಕೆ ಗಂಟಲು ಸೋತು ನುಂಗಲು ಆಗುವುದಿಲ್ಲ. ಅದಕ್ಕೇ ಜೊಲ್ಲು, ಒಡಕು ಕೂಗು. ಜೊಲ್ಲಿನಲ್ಲೇ ವೈರಸ್ ಇರುತ್ತದೆ. ಬೆರಳಲ್ಲಿ ಸಣ್ಣ ಗೀರು ಇದ್ದರೂ ಸಾಕು, ಒಳಗೆ ಹೋಗಿ ನರದ ಗುಂಟ ಮಿದುಳಿಗೆ ಏರುತ್ತದೆ. ಸಾಮಾನ್ಯವಾಗಿ 1ರಿಂದ 3 ತಿಂಗಳಲ್ಲಿ ಲಕ್ಷಣ ಕಾಣುತ್ತದೆ. ಆಮೇಲೆ ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ. ಈಗಲೇ ಲಸಿಕೆ ಹಾಕಿಸಿದರೆ ತಡೆಯಬಹುದು.

ಕೈಯನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆಯಲಿ. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಚುಚ್ಚುತ್ತಾರೆ ಅನ್ನುವ ಹೆದರಿಕೆ ಬೇಡ, ಈಗ ತೋಳಿಗೇ ಕೊಡುತ್ತಾರೆ. ಗೀರು ಇದ್ದರೆ ಇಮ್ಯುನೋಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾ ಅಂತ ಕೇಳಿ. ಒಂದು ಡೋಸ್ ಕೂಡ ತಪ್ಪಿಸಬೇಡಿ.

ಹಸುವನ್ನು ಬೇರೆ ಕಟ್ಟಿ, ಪಶುವೈದ್ಯರನ್ನು ಕರೆಸಿ. ಅದೇ ನಾಯಿ ಬೇರೆ ದನಗಳಿಗೂ ಕಚ್ಚಿದ್ದರೆ ಹೇಳಿ, ಅವಕ್ಕೂ ಲಸಿಕೆ ಇದೆ.